ನೋವು ನಿಂತಿದೆ, ಕೊಯ್ಲು ಮುಗಿಸಿಕೊಂಡು ಬರಲಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಆಟಿ ಮಳೆಯಲ್ಲಿ ನನ್ನ ಕೆಳಗಿನ ದವಡೆ ಹಲ್ಲೊಂದು ನಾಲ್ಕು ರಾತ್ರಿ ನಿದ್ದೆ ಕೊಡಲಿಲ್ಲ. ಲವಂಗ ಕಚ್ಚಿಕೊಂಡೆ, ಮೆಡಿಕಲ್‌ನಿಂದ ಮಾತ್ರೆ ತರಿಸಿದೆ. ಐದನೇ ದಿನ ನೋವು ತಾನಾಗಿಯೇ ಹೋಯಿತು. ಈಗ ತಣ್ಣೀರು ಕುಡಿದರೂ ಜುಮ್ ಅನ್ನುವುದಿಲ್ಲ. ಅರೇಬಿಕಾ ಕೊಯ್ಲು ಶುರುವಾಗಿದೆ, ಅದು ಮುಗಿದರೆ ರೋಬಸ್ಟಾ. ಎಲ್ಲ ಮುಗಿಸಿ ಮಾರ್ಚ್‌ನಲ್ಲಿ ಬಂದರೆ ಆಗದೇ? ರೂಟ್ ಕೆನಾಲ್‌ಗೆ ದುಡ್ಡು ಸುರಿಯುವ ಬದಲು ಕೀಳಿಸಿಬಿಡು ಎನ್ನುತ್ತಾರೆ ಪಕ್ಕದ ಮನೆಯವರು. ನಮ್ಮ ಅತ್ತೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ, ಹಾರ್ಟಿನ ಮಾತ್ರೆಯನ್ನೂ ತಗೊಳ್ಳುತ್ತಾರೆ. ಮೇಲಿನ ಹಲ್ಲು ಅಲ್ಲಾಡುತ್ತಿದೆ. ಕೀಳಿಸಿದರೆ ಕಣ್ಣು ಹೋಗುತ್ತದೆ ಅಂತ ಹೆದರುತ್ತಾರೆ. ಎರಡು ವರ್ಷದ ಹಿಂದೆ ಕ್ಲೀನಿಂಗ್ ಮಾಡಿಸಿದ್ದರಿಂದಲೇ ಹಲ್ಲು ಸಡಿಲವಾಯಿತು ಅನ್ನುವುದು ಅವರ ದೂರು. ಏಳು ವರ್ಷದ ಮಗನಿಗೆ ಕೊನೆಯ ಹಲ್ಲು ಕಪ್ಪಾಗಿದೆ. ಹಾಲುಹಲ್ಲು ತಾನೇ, ಬಿದ್ದು ಹೋಗುತ್ತದಲ್ಲ? ಇನ್ನು ನಮ್ಮ ಮನೆಯವರು ದಿನವಿಡೀ ಎಲೆ ಅಡಿಕೆ ಹಾಕುತ್ತಾರೆ, ಹಲ್ಲು ಗಟ್ಟಿಯಾಗುತ್ತದಂತೆ.

ಉತ್ತರ: ನಾಲ್ಕು ರಾತ್ರಿ ನೋವಿತ್ತು ಅಂದಿರಲ್ಲ, ಅದನ್ನು ಓದಿ ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಐದನೇ ದಿನ ತಾನಾಗಿ ಹೋಯಿತು, ಈಗ ತಣ್ಣೀರೂ ತಾಗುವುದಿಲ್ಲ ಅಂದದ್ದು ಓದಿ ಗಾಬರಿಯಾಯಿತು. ಹಲ್ಲು ನೋಡದೆ, ಎಕ್ಸ್‌ರೇ ತೆಗೆಯದೆ ಖಡಾಖಂಡಿತವಾಗಿ ಹೇಳುವಂತಿಲ್ಲ. ಆದರೂ ಈ ಕಥೆಯನ್ನು ನಾನು ವರ್ಷಕ್ಕೆ ನೂರು ಸಲ ಕೇಳುತ್ತೇನೆ, ಕೊನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಹಲ್ಲಿನ ನರ ಸತ್ತಿರುತ್ತದೆ. ಸತ್ತದ್ದು ನೋಯುವುದಿಲ್ಲ.

ಕಾಫಿ ಬೆಳೆಯುವವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕಾಯಿ ಕೊರಕ ಹೊಕ್ಕ ಕಾಯಿಯನ್ನು ನೀವು ಕೈಯಲ್ಲಿ ಹಿಡಿದು ನೋಡಿದ್ದೀರಿ. ತುದಿಯಲ್ಲಿ ಸೂಜಿ ಚುಚ್ಚಿದಷ್ಟೇ ತೂತು, ಸೀಳಿದರೆ ಒಳಗೆ ಬೀಜ ಪುಡಿಪುಡಿ. ಹುಳುಕು ಹಲ್ಲೂ ಹಾಗೆಯೇ. ಮೇಲಿನ ಎನಾಮಲ್ ನಮ್ಮ ಇಡೀ ಮೈಯಲ್ಲೇ ಅತಿ ಗಟ್ಟಿ ಪದಾರ್ಥ, ಅದರಲ್ಲಿ ತೂತು ಸಣ್ಣದೇ ಬೀಳುತ್ತದೆ. ಅದರಡಿಯ ಡೆಂಟಿನ್ ಅಷ್ಟು ಗಟ್ಟಿಯಲ್ಲ, ಅಲ್ಲಿಗೆ ತಲುಪಿದ ಹುಳುಕು ಅಗಲಕ್ಕೆ ಹರಡುತ್ತದೆ. ಹೋಲಿಕೆ ಅಲ್ಲಿಗೇ ಮುಗಿಯಿತು, ಯಾಕೆಂದರೆ ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬೀಜದ ಹೊಗೆ ಹಾಕಿ ಹುಳ ತೆಗೆದು ಅಂಗೈಯಲ್ಲಿ ತೋರಿಸುವವರು ಈಗಲೂ ಇದ್ದಾರೆ. ಆ ಹುಳ ಬಂದದ್ದು ನಿಮ್ಮ ಹಲ್ಲಿನಿಂದಲ್ಲ. ಕೊರೆಯುವುದು ಆಮ್ಲ. ಹಲ್ಲಿಗೆ ಅಂಟಿದ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲಕ್ಕೆ ಎನಾಮಲ್ ಕರಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ನಮ್ಮ ಬೆಲ್ಲದ ಕಾಫಿ ತಂಟೆ ಮಾಡುವುದು ಇಲ್ಲಿ. ಬೆಳಿಗ್ಗೆ ಒಂದು ಲೋಟ ಕುಡಿದು ಮುಗಿಸಿದರೆ ಏನೂ ಅಲ್ಲ. ಫ್ಲಾಸ್ಕ್‌ನಲ್ಲಿ ತುಂಬಿಕೊಂಡು ತೋಟಕ್ಕೆ ಹೋಗಿ ಆಗಾಗ ಒಂದೊಂದು ಗುಟುಕು ಹಾಕುತ್ತಿದ್ದರೆ ಜೊಲ್ಲಿಗೆ ಪುರುಸೊತ್ತೇ ಸಿಗುವುದಿಲ್ಲ. ಎಷ್ಟು ಬೆಲ್ಲ ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ.

ಡೆಂಟಿನ್‌ನ ಒಳಗೆ ತಿರುಳು, ಅಂದರೆ ಜನ ನರ ಅನ್ನುವುದು. ನರ, ರಕ್ತನಾಳ ಎಲ್ಲ ಅದರಲ್ಲೇ. ಸುತ್ತ ಗಟ್ಟಿ ಗೋಡೆ, ಕಿಟಕಿಯಿಲ್ಲ. ಕೈಗೆ ಗಾಯವಾದರೆ ಊದಲು ಜಾಗವಿದೆ. ತಿರುಳು ಊದಲು ಜಾಗವಿಲ್ಲ, ಒತ್ತಡವೆಲ್ಲ ನರದ ಮೇಲೆ. ಮಲಗಿದಾಗ ತಲೆಗೆ ರಕ್ತ ಹೆಚ್ಚು ನುಗ್ಗುತ್ತದೆ, ಅದಕ್ಕೇ ಹಲ್ಲುನೋವು ರಾತ್ರಿಯ ಕಾಯಿಲೆ. ಮೊದಲು ತಣ್ಣಗಿನದು ಜುಮ್ ಅನ್ನಿಸಿ ಕ್ಷಣದಲ್ಲಿ ಹೋಗುತ್ತದೆ. ಆ ಹಂತದಲ್ಲಿ ಬಂದರೆ ಬರೀ ಸಿಮೆಂಟು ತುಂಬಿಸಿ ಕಳಿಸಬಹುದು. ಆಮೇಲೆ ಜುಮ್ ಅಂದದ್ದು ನಿಮಿಷಗಟ್ಟಲೆ ನಿಲ್ಲುತ್ತದೆ, ಬಿಸಿ ಕಾಫಿಗೆ ಹಲ್ಲು ಕಿತ್ತುಹೋದಂತೆ ಆಗುತ್ತದೆ. ಆಮೇಲೆ ಒಂದು ದಿನ ಏನೂ ಇಲ್ಲ. ಜನ ದೇವರಿಗೆ ಕೈ ಮುಗಿಯುವುದು ಆ ದಿನವೇ.

ಮುಂದೇನು ಅಂದರೆ, ಆ ಸತ್ತ ತಿರುಳು ಬೇರಿನ ನಾಳದೊಳಗೆ ಕೊಳೆಯುತ್ತ ಕೂರುತ್ತದೆ. ಅಲ್ಲಿಗೆ ರಕ್ತದ ಓಡಾಟವಿಲ್ಲ, ಹಾಗಾಗಿ ನೀವು ನುಂಗಿದ ಆಂಟಿಬಯಾಟಿಕ್ ಅಲ್ಲಿಗೆ ತಲುಪುವುದೇ ಇಲ್ಲ. ಎರಡು ದಿನದ ಮಾತ್ರೆಯಿಂದ ನೋವು ಹೋಯಿತು ಅಂದುಕೊಳ್ಳುತ್ತೇವೆ, ಹೋದದ್ದು ನರ. ಕೀವು ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತದೆ. ಕಚ್ಚುವಾಗ ಆ ಹಲ್ಲೊಂದೇ ಎತ್ತರವಾಗಿದೆ ಅನ್ನಿಸಬಹುದು, ಒಸಡಿನ ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆ ಎದ್ದು ಒಡೆದು ಮತ್ತೆ ಏಳಬಹುದು. ಕನ್ನಡಿ ಮುಂದೆ ನಿಂತು ತುಟಿ ಎಳೆದು ಒಮ್ಮೆ ನೋಡಿಕೊಳ್ಳಿ. ಗುಳ್ಳೆ ಇದ್ದರೆ ಮಾರ್ಚ್‌ನ ಮಾತೇ ಬೇಡ.

ಮಾರ್ಚ್ ಅಂದಿರಿ. ಈ ಜಿಲ್ಲೆಯಲ್ಲಿ ಇಷ್ಟು ವರ್ಷ ಬಾಯಿ ನೋಡಿದವನಿಗೆ ಆ ಮಾರ್ಚ್ ಹೇಗಿರುತ್ತದೆ ಅಂತ ಗೊತ್ತು. ರೋಬಸ್ಟಾ ಒಣಗಿಸುವಷ್ಟರಲ್ಲಿ ಕರಿಮೆಣಸು ಕೈಗೆ ಬರುತ್ತದೆ. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಿಡಿದು ರಾತ್ರಿ ಹಗಲು ಅಲ್ಲೇ. ಏಪ್ರಿಲ್ ಮೇ ಮದುವೆ ಮನೆಗಳು, ಆಮೇಲೆ ಜೂನ್, ಮತ್ತೆ ಮಳೆ. ಆ ಮಳೆಯಲ್ಲೇ ಮುಖ ಊದಿಸಿಕೊಂಡು ಬರುತ್ತೀರಿ, ರಸ್ತೆಗೆ ಮರ ಬಿದ್ದಿರುತ್ತದೆ, ಇಲ್ಲವೇ ಬರೆ, ಅಂದರೆ ಗುಡ್ಡದ ಮಣ್ಣು, ಜರಿದಿರುತ್ತದೆ. ನಾನು ಹೆದರಿಸುತ್ತಿಲ್ಲ. ಕೆಳದವಡೆಯ ಹಲ್ಲಿನ ಕೀವು ಗದ್ದದ ಕೆಳಗೆ, ನಾಲಿಗೆಯ ಬುಡಕ್ಕೆ ಇಳಿದರೆ ಉಸಿರಿನ ದಾರಿಗೇ ಅಡ್ಡ ಬರಬಹುದು. ದವಡೆಯ ಕೆಳಗೆ ಗಟ್ಟಿ ಊತ, ಜ್ವರ, ಉಗುಳು ನುಂಗಲಾಗದ ಸ್ಥಿತಿ, ಬಾಯಿ ತೆರೆಯಲು ಕಷ್ಟ, ಇವು ಕಂಡರೆ ದಂತವೈದ್ಯರ ಬಾಗಿಲು ತೆರೆಯುವವರೆಗೂ ಕಾಯಬೇಡಿ. ಎಷ್ಟು ಹೊತ್ತಾಗಿದ್ದರೂ ನೇರ ಮಡಿಕೇರಿಯ ಜಿಲ್ಲಾಸ್ಪತ್ರೆಗೆ ಹೋಗಬೇಕು. ಕೆನ್ನೆಗೆ ಬಿಸಿ ಶಾಖ ಕೊಡುವುದಂತೂ ಬೇಡವೇ ಬೇಡ.

ಈಗ ರೂಟ್ ಕೆನಾಲ್. ಆ ಹೆಸರಿಗೇ ಹೆದರುವವರು ಹೆಚ್ಚು, ಆದರೆ ಅದರಲ್ಲಿ ನೋವಿನ ಕೆಲಸ ಕಡಿಮೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹಲ್ಲಿನ ನೆತ್ತಿಯಲ್ಲಿ ತೂತು ತೆಗೆಯುತ್ತೇವೆ. ನರ ಸತ್ತ ಹಲ್ಲಾದರೆ ಡ್ರಿಲ್ ಒಳಹೊಕ್ಕ ಕೂಡಲೇ ಒಂದು ವಾಸನೆ ಬರುತ್ತದೆ, ಮುಚ್ಚಿಟ್ಟ ಹಳೆಯ ಮಾಂಸದ ವಾಸನೆ. ಮಾಸ್ಕ್ ಹಾಕಿದ್ದರೂ ಮೂಗಿಗೆ ಹೊಡೆಯುತ್ತದೆ. ಎಷ್ಟೋ ಜನ ಕುರ್ಚಿಯಲ್ಲೇ ಮುಖ ಸಿಂಡರಿಸಿ, ಇದು ನನ್ನ ಬಾಯಲ್ಲಿತ್ತಾ ಅಂತ ಕೇಳುತ್ತಾರೆ. ಕೆಳಗಿನ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ. ಒಂದೊಂದಕ್ಕೂ ಕೂದಲೆಳೆಯಂಥ ಫೈಲ್ ಇಳಿಸಿ, ಉದ್ದ ಅಳೆದು, ಉಜ್ಜಿ, ಔಷಧಿ ನೀರಿನಿಂದ ತೊಳೆದು, ಒಣಗಿಸಿ, ಕೊನೆಗೆ ಗಟ್ಟಾಪರ್ಚಾ ಅನ್ನುವ ಅಂಟಿನ ಕಡ್ಡಿ ತುಂಬುತ್ತೇವೆ. ರಬ್ಬರಿನ ಹಾಲಿನಂತೆ ಅದೂ ಮರದ ಹಾಲೇ, ಮಲಯ ಕಡೆಯ ಮರದ್ದು. ಹಿಂದೆ ಸಮುದ್ರದಡಿಯ ಟೆಲಿಗ್ರಾಫ್ ತಂತಿಗೆ ನೀರು ತಾಗದಂತೆ ಸುತ್ತುತ್ತಿದ್ದುದೂ ಇದನ್ನೇ.

ಒಂದರಿಂದ ಮೂರು ಸಿಟ್ಟಿಂಗ್, ಪ್ರತಿಯೊಂದೂ ಮುಕ್ಕಾಲು ಗಂಟೆ, ಒಂದು ಗಂಟೆ. ಆಮೇಲೆ ಕ್ಯಾಪ್, ಅಂದರೆ ಹಲ್ಲಿನ ಮೇಲೆ ತೊಡಿಸುವ ಟೊಪ್ಪಿ. ಈ ಕ್ಯಾಪನ್ನು ದುಡ್ಡು ಮಾಡುವ ದಾರಿ ಅಂತ ಬಿಟ್ಟುಬಿಡುತ್ತಾರೆ. ಅಷ್ಟು ಕೊರೆದ ದವಡೆ ಹಲ್ಲಿನಲ್ಲಿ ಉಳಿದಿರುವುದು ತೆಳ್ಳಗಿನ ಗೋಡೆ. ಒಂದು ದಿನ ಮಾಂಸದ ಮೂಳೆ ಕಡಿಯುವಾಗ ಬೇರಿನವರೆಗೂ ಸೀಳುತ್ತದೆ, ಆಗ ಕೀಳುವುದೊಂದೇ ದಾರಿ. ಎರಡು ಖರ್ಚೂ ನೀರಿಗೆ.

ನಿಮ್ಮ ಪಕ್ಕದ ಮನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹುಳುಕು ಎಲುಬಿನ ಕೆಳಗೆ ಇಳಿದಿದ್ದರೆ, ಬೇರು ಸೀಳಿದ್ದರೆ, ಅಥವಾ ಅದು ಕೊನೆಯ ಬುದ್ಧಿಹಲ್ಲಾಗಿದ್ದರೆ ನಾನೇ ಕೀಳಿಸಿ ಅನ್ನುತ್ತೇನೆ. ಉಳಿಯುವ ದವಡೆ ಹಲ್ಲನ್ನು ಕೀಳಿಸಿದರೆ ಮಾತ್ರ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಹಿಂದಿನ ಹಲ್ಲು ಆ ಖಾಲಿ ಜಾಗಕ್ಕೆ ವಾಲುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ನಾಲ್ಕೈದು ವರ್ಷ ಕಳೆದು ಆ ಜಾಗಕ್ಕೆ ಕೃತಕ ಹಲ್ಲು, ಬ್ರಿಡ್ಜೋ ಇಂಪ್ಲಾಂಟೋ, ಕೂರಿಸಲು ಬಂದರೆ ಜಾಗವೇ ಇರುವುದಿಲ್ಲ, ಇದ್ದರೂ ರೂಟ್ ಕೆನಾಲ್‌ಗಿಂತ ಹೆಚ್ಚೇ ಬೀಳುತ್ತದೆ. ದುಡ್ಡಿನದೇ ಚಿಂತೆಯಾದರೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ವಿರಾಜಪೇಟೆಯಲ್ಲಿ 1999ರಿಂದ ದಂತ ವೈದ್ಯಕೀಯ ಕಾಲೇಜಿದೆ, ಅಲ್ಲೂ ಕೇಳಿ. ಕಾಲೇಜಿನಲ್ಲಿ ಹೆಚ್ಚು ಹೊತ್ತು ಕೂರಿಸುತ್ತಾರೆ, ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಅವಸರದ ಕೈಗಿಂತ ಅದು ಎಷ್ಟೋ ವಾಸಿ.

ನಿಮಗೆ ನನ್ನ ಸಲಹೆ ಇಷ್ಟು: ಈ ವಾರವೇ ಒಂದು ಸಿಟ್ಟಿಂಗ್‌ಗೆ ಬಿಡುವು ಮಾಡಿಕೊಳ್ಳಿ. ಹಲ್ಲು ತೆರೆದು, ತೊಳೆದು, ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟು ಮುಚ್ಚಿದರೆ ಎರಡು ಮೂರು ವಾರ ನೆಮ್ಮದಿ. ಅಷ್ಟರಲ್ಲಿ ಮೊದಲ ಸುತ್ತಿನ ಹಣ್ಣು ಕೊಯ್ದಾಗುತ್ತದೆ, ಎರಡನೇ ಸಲ ಬನ್ನಿ. ಆದರೆ ತಾತ್ಕಾಲಿಕವನ್ನೇ ಖಾಯಂ ಅಂದುಕೊಂಡು ಮಾರ್ಚ್‌ವರೆಗೆ ಎಳೆಯಬೇಡಿ. ಇನ್ನು ಲವಂಗ. ಅದರ ಎಣ್ಣೆಯಲ್ಲಿ ಮರಗಟ್ಟಿಸುವ ಗುಣ ನಿಜವಾಗಿಯೂ ಇದೆ, ನಾವೂ ಬಳಸುತ್ತೇವೆ. ಎಣ್ಣೆಯನ್ನೇ ಒಸಡಿಗೆ ಸುರಿದುಕೊಂಡರೆ ಸುಡುತ್ತದೆ. ನೋವಿನ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಂಡು ಕೆನ್ನೆ ಬೆಳ್ಳಗೆ ಸುಟ್ಟುಕೊಂಡು ಬರುವವರೂ ಇದ್ದಾರೆ. ಮಾತ್ರೆ ಇರುವುದು ನುಂಗಲಿಕ್ಕೆ.

ಅತ್ತೆಯವರ ವಿಷಯ. ಕಣ್ಣಿನ ಹೆದರಿಕೆಗೆ ನಗಬೇಡಿ, ನನ್ನ ಅಮ್ಮನಿಗೂ ಅದು ಇತ್ತು. ಮಗ ದಂತವೈದ್ಯ, ಅಮ್ಮನ ಮೇಲಿನ ಕೋರೆಹಲ್ಲು ಕೀವಾಗಿ ಕಣ್ಣಿನ ಕೆಳಗಿನವರೆಗೂ ಊದಿದೆ, ಆದರೂ ಮುಟ್ಟಬೇಡ ಅಂದರು. ಒಂದು ವಾರ ಬಾಯಿ ತೆರೆಯಲಿಲ್ಲ. ಕೊನೆಗೆ ಒಪ್ಪಿಸಿದ್ದು ನನ್ನ ಪಾಠವಲ್ಲ, ಪಕ್ಕದೂರಿನ ಅವರ ತಂಗಿ. ಮೇಲಿನ ಹಲ್ಲು ಅಷ್ಟೂ ಕೀಳಿಸಿ ಸೆಟ್ ಹಾಕಿಸಿಕೊಂಡ ಆ ಚಿಕ್ಕಮ್ಮ ಮನೆಗೆ ಬಂದು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿ ತೋರಿಸಿದರು. ಅಮ್ಮ ಮಾರನೇ ದಿನ ಕುರ್ಚಿ ಹತ್ತಿದರು.

ನಂಬಿಕೆ ಹುಟ್ಟಿದ್ದು ಹೇಗೆ ಅನ್ನುವುದೂ ಸ್ಪಷ್ಟ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ನೋಟದ್ದು ಎರಡನೆಯದು, ಹಲ್ಲಿನದು ಐದನೆಯದು. ದಾರಿಯೇ ಬೇರೆ. ಆದರೆ ಆ ಐದನೆಯ ನರದ ಇನ್ನೊಂದು ಕವಲು ಹಣೆ, ರೆಪ್ಪೆ, ಕಣ್ಣಿನ ಸುತ್ತಲಿನ ಚರ್ಮಕ್ಕೆ ಹೋಗುತ್ತದೆ. ಹಾಗಾಗಿ ಮೇಲಿನ ಹಲ್ಲು ನೋಯುವಾಗ ಕಣ್ಣು ಸೆಳೆದಂತೆ ಅನ್ನಿಸುವುದು ಸುಳ್ಳಲ್ಲ. ಜೊತೆಗೆ ಹಲ್ಲು ಕೀಳಿಸುವ ವಯಸ್ಸೂ ಕಣ್ಣಿಗೆ ಪೊರೆ ಬರುವ ವಯಸ್ಸೂ ಒಂದೇ. ಕೀಳಿಸಿದ ಮುಂದಿನ ವರ್ಷ ಮಂಜು ಕವಿದರೆ ತಪ್ಪು ನಮ್ಮ ಇಕ್ಕಳದ ತಲೆಗೆ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಯಿತು ಅನ್ನುವುದಕ್ಕೆ ಹೀಗೆ ಹೇಳಿ. ಬರೆ ಜರಿದು ಮರದ ಬೇರು ಅರ್ಧ ಹೊರಬಿದ್ದಿದೆ, ಆ ಜಾಗದಲ್ಲಿ ಕಲ್ಲುಮಣ್ಣು ಬಂದು ಕೂತಿದೆ. ಕಲ್ಲುಮಣ್ಣು ತೆಗೆದ ದಿನ ಮರ ಅಲ್ಲಾಡುವುದು ಕಾಣುತ್ತದೆ. ಜರಿದದ್ದು ಮಾತ್ರ ಎಂದೋ. ಹಲ್ಲಿಗೆ ಆ ಕಲ್ಲು ಅಂದರೆ ಕಿಟ್ಟ, ಪಾಚಿ ಗಟ್ಟಿಯಾಗಿ ಸುಣ್ಣವಾದದ್ದು. ಅದು ಒಸಡನ್ನು ಕೆಣಕುತ್ತದೆ, ಒಸಡಿನ ಉರಿಯೂತ ಹಲ್ಲು ಹಿಡಿದಿರುವ ಎಲುಬನ್ನು ತಿನ್ನುತ್ತದೆ. ಒಮ್ಮೆ ತೋಟದ ಕೆಲಸಗಾರರ ಲೈನ್‌ಮನೆಯ ಅಜ್ಜ ಒಬ್ಬರಿಗೆ ಕೆಳಗಿನ ಮುಂಹಲ್ಲಿನ ಹಿಂಬದಿಯಿಂದ ಕಿಟ್ಟ ಎಬ್ಬಿಸಿದಾಗ, ಮೂರು ಹಲ್ಲಿನ ಅಚ್ಚು ಸಮೇತ ಒಂದೇ ಚಕ್ಕೆಯಾಗಿ ಬಂತು. ಹಲ್ಲೇ ಮುರಿದು ಬಂತು ಅಂದುಕೊಂಡ ಅವರು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ನಾಲಿಗೆಯಿಂದ ಒಳಗೆ ತಡವಿ, ಹಲ್ಲು ಇದೆಯಲ್ಲ ಅಂತ ನಕ್ಕರು. ಚಕ್ಕೆಯನ್ನು ಕಾಗದದಲ್ಲಿ ಸುತ್ತಿ ಮನೆಗೆ ಒಯ್ದರು, ಹೆಂಡತಿಗೆ ತೋರಿಸಲಿಕ್ಕಂತೆ.

ಸಕ್ಕರೆ ಕಾಯಿಲೆಯವರಲ್ಲಿ ಈ ಎಲುಬು ಕರಗುವ ಕೆಲಸ ಬೇಗ ಆಗುತ್ತದೆ. ಒಸಡು ಕೆಟ್ಟಿದ್ದರೆ ಸಕ್ಕರೆಯೂ ಹತೋಟಿಗೆ ಬರಲು ಹಟ ಮಾಡುತ್ತದೆ. ಹಾಗಾಗಿ ಅವರಿಗೆ ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಬೇಕು, ಎರಡು ವರ್ಷ ಬಿಟ್ಟದ್ದೇ ತಪ್ಪು. ಅಲ್ಲಾಡುವ ಹಲ್ಲು ಉಳಿಯುತ್ತದೋ ಇಲ್ಲವೋ ಎಕ್ಸ್‌ರೇ ನೋಡಿ ಹೇಳಬೇಕು. ಕೀಳಲೇಬೇಕಾದರೆ ಹಾರ್ಟಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿ ಹೃದಯದಲ್ಲಿ ಹೆಪ್ಪುಗಟ್ಟುವುದು ಹಲ್ಲಿನ ಗುಳಿಯಲ್ಲಿ ಒಂದಿಷ್ಟು ರಕ್ತ ಹೆಚ್ಚು ಬರುವುದಕ್ಕಿಂತ ಎಷ್ಟೋ ಅಪಾಯ. ಗುಳಿಯ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಆಸ್ಪಿರಿನ್ ಒಂದೇ ಆದರೆ ಸಾಮಾನ್ಯವಾಗಿ ನಿಲ್ಲಿಸದೆಯೇ ಕೀಳುತ್ತೇವೆ, ವಾರ್ಫರಿನ್ ಆದರೆ ಮೊದಲು ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ ನೋಡುತ್ತೇವೆ. ಇನ್ನೊಂದು, ರಕ್ತಪರೀಕ್ಷೆಗೆ ಬಂದಂತೆ ಖಾಲಿ ಹೊಟ್ಟೆಯಲ್ಲಿ ಕರೆತರಬೇಡಿ. ಬೆಳಿಗ್ಗೆ ಕಡುಬೋ ರೊಟ್ಟಿಯೋ ತಿಂದು, ಸಕ್ಕರೆ ಮಾತ್ರೆ ನುಂಗಿ ಬರಲಿ. ಹಸಿದು ಬಂದವರು ಸಕ್ಕರೆ ಇಳಿದು ಕುರ್ಚಿಯಲ್ಲೇ ಬೆವರುತ್ತಾರೆ, ಜನ ಅದನ್ನು ಇಂಜೆಕ್ಷನ್ ದೋಷ ಅನ್ನುತ್ತಾರೆ. ಕಿತ್ತ ಮೇಲೆ ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು. ಆ ದಿನ ಬಾಯಿ ಮುಕ್ಕಳಿಸುವುದು, ಪದೇ ಪದೇ ಉಗುಳುವುದು ಬೇಡ. ಗುಳಿಯಲ್ಲಿ ಕಟ್ಟಿದ ಹೆಪ್ಪೇ ಬ್ಯಾಂಡೇಜು, ಉಗುಳಿ ಅದು ಎದ್ದುಹೋದರೆ ಎರಡು ಮೂರು ದಿನಕ್ಕೆ ಕಿವಿಯವರೆಗೂ ಎಳೆಯುವ ನೋವು ಬರುತ್ತದೆ.

ಮಗನದ್ದು ನನಗೆ ಎಲ್ಲಕ್ಕಿಂತ ಅವಸರದ್ದು ಅನ್ನಿಸುತ್ತದೆ. ಅವನನ್ನು ಬೆಳಕಿಗೆ ಕೂರಿಸಿ ಎಣಿಸಿ. ಮುಂದಿನ ಎರಡು ಹಲ್ಲಿನ ನಡುಗೆರೆಯಿಂದ ಹಿಂದಕ್ಕೆ ಒಂದು, ಎರಡು, ಮೂರು. ಐದನೆಯದು ಕಪ್ಪಾಗಿದ್ದರೆ ಹಾಲುಹಲ್ಲು. ಆರನೆಯದಾಗಿದ್ದರೆ ಅದು ಖಾಯಂ ಹಲ್ಲು, ಜೀವಮಾನಕ್ಕೆ ಒಂದೇ. ಆರು ವರ್ಷದ ಹೊತ್ತಿಗೆ ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹಿಂದುಗಡೆ ಹುಟ್ಟುವ ಹಲ್ಲು ಅದು. ಯಾರೂ ಗಮನಿಸುವುದಿಲ್ಲ, ಹಾಲುಹಲ್ಲೆಂದೇ ಬಿಡುತ್ತಾರೆ, ಹತ್ತು ಹನ್ನೊಂದಕ್ಕೆ ಕೀಳುವ ಸ್ಥಿತಿಗೆ ತರುತ್ತಾರೆ. ನೀವು ಕೊನೆಯ ಹಲ್ಲು ಅಂದಿದ್ದೀರಿ, ಅದಕ್ಕೇ ನನಗೆ ಅನುಮಾನ. ಐದನೆಯದೇ ಆಗಿದ್ದರೂ ಬಿದ್ದು ಹೋಗಲು ಅವನಿಗೆ ಹತ್ತು ಹನ್ನೆರಡು ವರ್ಷ ತುಂಬಬೇಕು, ಅಲ್ಲಿಯವರೆಗೆ ಅಗಿಯಲು ಬೇಕು, ಕೆಳಗೆ ಬರುವ ಹಲ್ಲಿಗೆ ಜಾಗ ಕಾಯಲು ಬೇಕು. ರಾತ್ರಿ ಮಲಗುವ ಮುಂಚೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ನೀವೇ ಪಕ್ಕದಲ್ಲಿ ನಿಂತು ಉಜ್ಜಿಸಿ. ಬೆಳಗಿನದಕ್ಕಿಂತ ರಾತ್ರಿಯದು ಮುಖ್ಯ. ಇಜ್ಜಲು, ಉಪ್ಪು ಅವನಿಗೂ ಬೇಡ, ನಿಮಗೂ ಬೇಡ, ಎನಾಮಲ್ ಸವೆಯುತ್ತದೆ.

ಕೊಡಗಿನ ಹುಡುಗ, ಇವತ್ತಲ್ಲ ನಾಳೆ ಹಾಕಿ ಸ್ಟಿಕ್ ಹಿಡಿಯುತ್ತಾನೆ, ಆದ್ದರಿಂದ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದ ಮೇಲೆ ಈ ಜಿಲ್ಲೆಯಲ್ಲಿ ಬೇಸಿಗೆ ಅಂದರೆ ಹಾಕಿ, ನಮಗೆ ಮುರಿದ ಮುಂಹಲ್ಲು. ಖಾಯಂ ಹಲ್ಲು ಬುಡಸಮೇತ ಕಿತ್ತು ಬಿದ್ದರೆ ಬೇರನ್ನು ಮುಟ್ಟದೆ ಬಿಳಿಭಾಗ ಹಿಡಿದೆತ್ತಿ, ಮಣ್ಣಾಗಿದ್ದರೆ ನೀರಲ್ಲಿ ಒಮ್ಮೆ ಅದ್ದಿ, ಉಜ್ಜಬೇಡಿ. ಆಗಿಂದಾಗಲೇ ಗುಳಿಯಲ್ಲಿ ಕೂರಿಸಿ, ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಿ. ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದರೆ ಒಣಗಿ ಸಾಯುತ್ತದೆ. ಹಾಲುಹಲ್ಲಾದರೆ ಮತ್ತೆ ಕೂರಿಸುವಂತಿಲ್ಲ.

ನಿಮ್ಮ ಮನೆಯವರ ಅಡಿಕೆ ಹಲ್ಲನ್ನು ಗಟ್ಟಿ ಮಾಡುವುದಿಲ್ಲ, ಸವೆಸುತ್ತದೆ. ಅದಾದರೂ ಸಣ್ಣ ಮಾತು. ಊಟವಾದ ಮೇಲೆ ಎಲೆ ಅಡಿಕೆ ನಮ್ಮಲ್ಲಿ ಮರ್ಯಾದೆಯ ವಿಷಯ, ಗೊತ್ತು. ಆದರೆ ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಕ್ಯಾನ್ಸರ್‌ಗೆ ಮೊದಲು ಬರುವುದು ಕೆನ್ನೆ ಒಳಗೆ ನಾರುಗಟ್ಟುವ ಕಾಯಿಲೆ. ಖಾರ ತಿಂದರೆ ಉರಿ, ಆಮೇಲೆ ಕೆನ್ನೆ ಬಿಗಿ, ಆಮೇಲೆ ಬಾಯಿ ತೆರೆಯಲಾಗದು. ಇವತ್ತು ರಾತ್ರಿ ಅವರಿಗೆ ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂಹಲ್ಲುಗಳ ನಡುವೆ ತೂರಿಸಲು ಹೇಳಿ. ಎರಡೇ ಹೋದರೆ ನಿಮ್ಮ ಜೊತೆ ಅವರನ್ನೂ ಕರೆದುಕೊಂಡು ಬನ್ನಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೂ ಅಷ್ಟೇ. ನೋವಿಲ್ಲವಲ್ಲ ಅನ್ನುತ್ತಾರೆ. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ.

ಬರುವಾಗ ಅತ್ತೆಯವರ ಮಾತ್ರೆಗಳನ್ನು ಚೀಟಿಯಲ್ಲಿ ಬರೆದು ತರಬೇಡಿ, ಸ್ಟ್ರಿಪ್‌ಗಳನ್ನೇ ತನ್ನಿ. ಕೆಂಪು ಮಾತ್ರೆ, ಬಿಳಿ ಮಾತ್ರೆ ಅಂದರೆ ನನಗೆ ಗೊತ್ತಾಗುವುದಿಲ್ಲ. ನೀವು ಆಟಿಯಲ್ಲಿ ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಅದನ್ನೂ. ಶನಿವಾರ ಮಧ್ಯಾಹ್ನ ಹುಡುಗನಿಗೆ ಶಾಲೆ ಇರುವುದಿಲ್ಲ, ಕೊಯ್ಲಿನವರಿಗೆ ಬಟವಾಡೆ ಮಾಡಲು ಸಂಜೆಯ ಹೊತ್ತಿಗೆ ಮನೆ ಸೇರಬಹುದು.